ತೌಡಿಗೆ ಕೊಂಡ ಹೆಸರು

ನನ್ನ ಗಂಡ ಮುನೇಶನಿಗೆ ಇಬ್ಬರು ಅಮ್ಮಂದಿರು. ಹೀಗೆಂದರೆ ಹೊರಗಿನವರು ನಮ್ಮ ಮಾವನವರ ಮೇಲೆ ಅನುಮಾನ ಪಡುತ್ತಾರೆ. ಪಾಪ, ಅವರು ಅಂಥವರಲ್ಲ. ಮುನೇಶ ಹುಟ್ಟುವ ಮೊದಲು ನಮ್ಮತ್ತೆ ಕದಿರಮ್ಮನವರಿಗೆ ಎರಡು ಗಂಡುಮಕ್ಕಳು ಹುಟ್ಟಿ, ಎರಡೂ ವರ್ಷ ತುಂಬುವುದರೊಳಗೆ ತೀರಿಕೊಂಡವು. ಮೂರನೆಯದು ಹುಟ್ಟಿದಾಗ ಗೌನಿಪಲ್ಲಿಯ ಹಿರಿಯರು ಹೇಳಿದಂತೆ ಮಗುವನ್ನು ಮೊರದಲ್ಲಿ ಮಲಗಿಸಿ ಪಕ್ಕದ ಮನೆಯ ಭಾರತಮ್ಮನವರಿಗೆ ಮಾರಿದರು. ಬೆಲೆ ಒಂದು ಹಿಡಿ ತೌಡು. ಸಾವು ಮನೆ ಹುಡುಕಿಕೊಂಡು ಬಂದರೆ, ಇಲ್ಲಿ ಮಗುವಿಲ್ಲ, ಇರುವುದು ಬೇರೆಯವರದು ಎನ್ನಬೇಕಲ್ಲ, ಅದಕ್ಕೆ. ಭಾರತಮ್ಮನವರು ತೌಡು ಕೊಟ್ಟು, "ಇದು ನಂದು. ನಿಮ್ಮನೇಲಿ ಸಾಕ್ತಾ ಇರಿ ಅಷ್ಟೇ" ಎಂದು ಮಗುವನ್ನು ಮತ್ತೆ ಕದಿರಮ್ಮನ ಮಡಿಲಿಗೆ ಹಾಕಿದರಂತೆ. ಮಗು ಉಳಿಯಿತು. ಈಗ ಅದಕ್ಕೆ ನಲವತ್ತೆರಡು ವರ್ಷ, ಹಾಲಿನ ಟ್ಯಾಂಕರ್ ಓಡಿಸುತ್ತದೆ, ಗೊರಕೆ ಹೊಡೆಯುತ್ತದೆ.

ಮದುವೆಯಾಗಿ ಬಂದ ಹೊಸದರಲ್ಲಿ ನಾನು "ಅತ್ತೆ" ಎಂದರೆ ಎರಡು ಮನೆಗಳಿಂದ "ಓ" ಎನ್ನುತ್ತಿದ್ದರು. ಹಬ್ಬಕ್ಕೆ ಎರಡು ಸೀರೆ ತರಬೇಕಿತ್ತು. ಎರಡು ಕಡೆ ಬೈಸಿಕೊಳ್ಳಬೇಕಿತ್ತು. ಆದರೆ ನನ್ನ ಮಗಳಿಗೆ ಜ್ವರ ಬಂದ ರಾತ್ರಿಗಳಲ್ಲಿ ತೊಟ್ಟಿಲು ತೂಗಲು ನಾಲ್ಕು ಕೈಗಳೂ ಇದ್ದವು, ಅದನ್ನೂ ಹೇಳಬೇಕು.

ನಾನು ಮಾವಿನ ತಾಂಡ್ರ ಮಾಡಿ ಮಾರುವವಳು. ಹಣ್ಣಿನ ರಸವನ್ನು ಚಾಪೆಯ ಮೇಲೆ ತೆಳ್ಳಗೆ ಸವರಿ ಬಿಸಿಲಿಗಿಟ್ಟು, ಒಣಗಿದ ಮೇಲೆ ಇನ್ನೊಂದು ಪದರ, ಮತ್ತೊಂದು ಪದರ ಸವರಿ, ದಪ್ಪ ಹಾಳೆಯಾದಾಗ ಕತ್ತರಿಸಿ ಡಬ್ಬಿಗೆ ತುಂಬುವುದು. ಹಣ್ಣನ್ನು ಶ್ರೀನಿವಾಸಪುರದ ಮಂಡಿಗೆ ಹಾಕಿದರೆ ಅವರು ಹೇಳಿದ್ದೇ ಬೆಲೆ. ತಾಂಡ್ರಕ್ಕೆ ನಾನು ಹೇಳಿದ್ದೇ ಬೆಲೆ. ಆ ಒಂದು ಸುಖಕ್ಕಾಗಿ ಬೇಸಿಗೆಯೆಲ್ಲ ಬೆನ್ನು ಸುಟ್ಟುಕೊಳ್ಳಬಹುದು. ಭಾರತಮ್ಮನವರ ತಾರಸಿಗೆ ಬಿಸಿಲು ಸಂಜೆ ಐದರವರೆಗೂ ಬೀಳುತ್ತಿತ್ತು, ಹಾಗಾಗಿ ಚಾಪೆಗಳು ಅಲ್ಲಿ. ಬೆರಳಿನ ಹಿಂಬದಿಯಿಂದ ಮುಟ್ಟಿ, "ಇನ್ನೂ ಆಗಿಲ್ಲ ತಲ್ಲಿ, ಹಸಿ ಐತೆ" ಎಂದು ತೆಲುಗು ಬೆರೆಸಿ ಹೇಳುತ್ತಿದ್ದವರು ಅವರೇ. ಅವರ ಬೆರಳು ಒಮ್ಮೆಯೂ ತಪ್ಪಿದ್ದಿಲ್ಲ.

ತಾಂಡ್ರವನ್ನು ಬೆಂಗಳೂರಿನವರು ಮನೆಯಲ್ಲೇ ಕೂತು ತರಿಸಿಕೊಳ್ಳಲು ವೆಬ್‌ಸೈಟ್ ಬೇಕಿತ್ತು. ಮೊದಲನೆಯದನ್ನು ಒಂದು ಕಂಪನಿ ಬಿಟ್ಟಿಯಾಗಿ ಮಾಡಿಕೊಟ್ಟಿತು. ಎಂಟು ತಿಂಗಳಿಗೆ ಕಂಪನಿಯೇ ಬಾಗಿಲು ಹಾಕಿತು, ಅದರ ಜೊತೆ ನನ್ನ ವೆಬ್‌ಸೈಟೂ ಹೋಯಿತು. ಎರಡನೆಯದನ್ನು ಕೋಲಾರದಲ್ಲಿ ಸ್ಟುಡಿಯೋ ಇಟ್ಟಿದ್ದ ಒಬ್ಬಾತ ಮಾಡಿಕೊಟ್ಟ. ವೆಬ್‌ಸೈಟಿನ ಹೆಸರನ್ನು ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಉಳಿಸಿಕೊಳ್ಳಬೇಕು ಎಂದು ನನಗೆ ಯಾರೂ ಹೇಳಲಿಲ್ಲ. ನೆನಪಿನ ಪತ್ರಗಳೆಲ್ಲ ಆತನ ಇಮೇಲಿಗೆ ಹೋದವು, ಆತ ಸ್ಟುಡಿಯೋ ಮುಚ್ಚಿ ಹೊಸೂರಿಗೆ ಹೋದ. ಒಂದು ಬೆಳಿಗ್ಗೆ ಬಸವನಗುಡಿಯ ಗಿರಾಕಿಯೊಬ್ಬರು ಫೋನ್ ಮಾಡಿ, "ಗಂಗಮ್ಮಾ, ಈಗ ರಮ್ಮಿ ಆಡಿಸ್ತಿದ್ದೀರಾ?" ಎಂದು ಕೇಳಿದರು. ನೋಡಿದರೆ ನನ್ನ ಹೆಸರನ್ನು ಯಾರೋ ಕೊಂಡುಕೊಂಡು ಇಸ್ಪೀಟಿನ ಜಾಹೀರಾತು ಹಾಕಿದ್ದರು. ಅವತ್ತು ನಾನು ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ.

ಕದಿರಮ್ಮನವರು ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. ಆಮೇಲೆ ಅಂದರು, "ಎರಡು ಹೋದ್ವು. ಮೂರನೇದನ್ನ ನಿನ್ನ ಹೆಸರಲ್ಲಿ ಇಟ್ಕೋಬೇಡ ಕಣೇ. ಭಾರತೀಗೆ ಮಾರ್ಬಿಡು."

ನಗಬೇಕು ಅನ್ನಿಸಿತು. ನಗಲಿಲ್ಲ. ನಾನು ಬಿ.ಕಾಂ. ಓದಿದವಳು, ನನಗೆ ಇಂಥದ್ದರಲ್ಲಿ ನಂಬಿಕೆಯಿಲ್ಲ ಎಂದು ನಾಲ್ಕು ಜನರೆದುರು ಹೇಳುತ್ತೇನೆ. ಆದರೆ ದಿನಾ ಬೆಳಿಗ್ಗೆ ನನ್ನ ಎದುರು ಕೂತು ಮುದ್ದೆ ನುಂಗುವ ಮನುಷ್ಯ ಆ ತೌಡಿನಿಂದಲೇ ಉಳಿದವನು ಎಂದು ಇಡೀ ಊರು ಹೇಳುವಾಗ, ಇಲ್ಲ ಎನ್ನಲು ಧೈರ್ಯ ಬೇಕು. ಎರಡು ಸಲ ಕೈಸುಟ್ಟುಕೊಂಡ ನನಗೆ ಆ ಧೈರ್ಯವಿರಲಿಲ್ಲ.

ಹೀಗೆ ಏಪ್ರಿಲ್ ತಿಂಗಳ ಒಂದು ಬುಧವಾರ ನಾವು ಮೂವರು ಹೆಂಗಸರು ಆಂಜಿಯ ಆನ್‌ಲೈನ್ ಸೆಂಟರಿಗೆ ಹೋದೆವು. ಪಹಣಿ, ಆಧಾರ್, ಪರೀಕ್ಷೆ ಅರ್ಜಿ, ಎಲ್ಲದಕ್ಕೂ ನಮ್ಮೂರಿಗೆ ಆಂಜಿಯೇ ಗತಿ. ಭಾರತಮ್ಮನವರು ಸೆರಗಿನ ಕೆಳಗೆ ಏನೋ ಮುಚ್ಚಿಕೊಂಡಿದ್ದರು.

"ಮೊದ್ಲು ಹೆಸರು ಹೇಳಿ ಅಕ್ಕಾ. ಖಾಲಿ ಇದ್ಯಾ ನೋಡೋಣ" ಎಂದ ಆಂಜಿ.

ನಾನು ಬರೆದುಕೊಂಡು ಹೋಗಿದ್ದ ಆರು ಹೆಸರುಗಳಲ್ಲಿ ಐದನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು. ಆರನೆಯದಕ್ಕೆ ಒಂದೂವರೆ ಲಕ್ಷ ಕೇಳುತ್ತಿತ್ತು. ಕದಿರಮ್ಮನವರು ಮನೆದೇವರ ಹೆಸರನ್ನು ಪೂರ್ತಿಯಾಗಿ, ಬಿರುದು ಸಮೇತ ಇಡಬೇಕೆಂದರು. "ಅಜ್ಜೀ, ಅಷ್ಟುದ್ದ ಟೈಪ್ ಮಾಡೋ ಹೊತ್ಗೆ ತಾಂಡ್ರ ತಿನ್ನೋ ಆಸೇನೇ ಹೋಗುತ್ತೆ" ಎಂದ ಆಂಜಿ. ಭಾರತಮ್ಮನವರು, "ಊರು ಗೌನಿಪಲ್ಲಿ, ಮಾಡೋದು ತಾಂಡ್ರ. ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರಿ?" ಎಂದರು. ಆಂಜಿ 'ಗೌನಿತಾಂಡ್ರ ಡಾಟ್ ಇನ್' ಎಂದು ಒತ್ತಿದ. ಹಸಿರು ಗುರುತು ಬಂತು. ಹೆಸರು ಖಾಲಿ ಇತ್ತು, ಬೆಲೆಯೂ ನಮ್ಮ ಕೈಗೆಟುಕುವಂತಿತ್ತು.

"ಯಾರ ಹೆಸರಲ್ಲಿ ಮಾಡ್ಲಿ?"

"ಭಾರತಮ್ಮ" ಎಂದರು ಕದಿರಮ್ಮ.

ಆಂಜಿ ಕುರ್ಚಿ ತಿರುಗಿಸಿ ನನ್ನನ್ನು ನೋಡಿದ. "ಅಕ್ಕಾ, ಹೋದ್ಸಲ ಬೇರೆಯೋರ ಕೈಲಿದ್ದಿದ್ದಕ್ಕೇ ಕಳ್ಕೊಂಡಿದ್ದು. ಇದು ಪಹಣಿ ಇದ್ದಂಗೆ. ಯಾರ ಹೆಸರಿರುತ್ತೋ ಅವರದ್ದೇ. ಅವರ ಫೋನಿಗೇ ಓಟಿಪಿ ಬರೋದು."

"ಲೇ ಆಂಜಿ, ಅದು ಹೇಳದೆ ಕೇಳದೆ ಹೋಗಿದ್ದು. ಇದು ನಾವು ಶಾಸ್ತ್ರ ಮಾಡಿ ಕೊಡ್ತಿರೋದು" ಎಂದರು ನಮ್ಮತ್ತೆ. ಆಂಜಿ ಕುರ್ಚಿಯನ್ನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿಸಿದ.

ಭಾರತಮ್ಮನವರು ಸೆರಗು ಸರಿಸಿ ಪುಟ್ಟ ಮೊರವನ್ನು ಹೊರತೆಗೆದರು. ಅದರಲ್ಲಿ ಒಂದು ಹಿಡಿ ತೌಡು. ಅದನ್ನು ನನ್ನ ಬೊಗಸೆಗೆ ಸುರಿದು, ಕಂಪ್ಯೂಟರಿನ ಪರದೆಯ ಮೇಲೆ ಕೈಯಿಟ್ಟು, "ಇದು ನಂದು. ನೀನು ಸಾಕ್ತಾ ಇರು" ಎಂದರು. ಆಧಾರ್ ತಿದ್ದಿಸಲು ಬಂದಿದ್ದ ನಾಲ್ಕು ಜನ ಬಾಯಿ ಬಿಟ್ಟುಕೊಂಡು ನೋಡಿದರು. ಆಂಜಿ ಅವರ ಫೋನ್ ನಂಬರ್ ಹಾಕಿ ಎರಡು ವರ್ಷಕ್ಕೆ ಹೆಸರು ನೋಂದಾಯಿಸಿದ.

ವೆಬ್‌ಸೈಟು ನಡೆಯಿತು ಎಂದರೆ ಕಡಿಮೆಯಾಯಿತು, ಓಡಿತು. ಮೊದಲ ವರ್ಷವೇ ಹೈದರಾಬಾದಿನಿಂದಲೂ ಆರ್ಡರ್ ಬಂತು. ಡಬ್ಬಿಗಳ ಮೇಲೆಲ್ಲ ಆ ಹೆಸರನ್ನೇ ಅಚ್ಚು ಹಾಕಿಸಿದೆ. ಊರಿನ ಆರು ಹೆಂಗಸರಿಗೆ ಬೇಸಿಗೆಯ ಕೆಲಸವಾಯಿತು. ಭಾರತಮ್ಮನವರು ಆಗಾಗ, "ನನ್ನ ಕೂಸು ಹೆಂಗೈತೆ?" ಎಂದು ಕೇಳುತ್ತಿದ್ದರು. ನಾನು ಫೋನಿನಲ್ಲಿ ತೋರಿಸುತ್ತಿದ್ದೆ. ಅವರು ಪರದೆಯನ್ನು ಸೆರಗಿನಿಂದ ಒರೆಸಿ ನೋಡುತ್ತಿದ್ದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಹೋದ ವರ್ಷ ಜೂನಿನಲ್ಲಿ ನಾನು ಅದನ್ನೇ ಮಾಡಿದೆ. ಬೆಂಗಳೂರಿನಿಂದ ಮೂವರು ಹೆಂಗಸರು ಕಾರು ಮಾಡಿಕೊಂಡು ತಾಂಡ್ರ ಮಾಡುವುದನ್ನು ನೋಡಲು ಬಂದಿದ್ದರು. ಅವತ್ತು ನಾನು ನಸುಕಿನಿಂದ ನಿಂತ ಕಾಲಲ್ಲಿದ್ದೆ. ಮೋಡ ಕವಿದು ಎರಡು ಚಾಪೆಗೆ ಬೂಷ್ಟು ಹಿಡಿದಿತ್ತು. ತಾರಸಿಗೆ ಹತ್ತಿ ಬಂದರೆ ಭಾರತಮ್ಮನವರು ಅವರಿಗೆ, "ಇದು ನಂದೇ ಅಮ್ಮಾ. ಕಂಪ್ಯೂಟರಲ್ಲಿರೋದೂ ನನ್ನ ಹೆಸರೇ" ಎನ್ನುತ್ತ ತಲೆಗೊಂದೊಂದು ಡಬ್ಬಿ ಸುಮ್ಮನೆ ಕೊಡುತ್ತಿದ್ದರು. ನನಗೆ ಎಲ್ಲಿತ್ತೋ ಸಿಟ್ಟು.

"ಹೆಸರಿಗಷ್ಟೇ ನಿಮ್ದು" ಎಂದೆ. "ಹಿಡಿ ತೌಡು ಕೊಟ್ಟೋರೆಲ್ಲಾ ತಾಯಿ ಆಗ್ಬಿಡ್ತಾರಾ?"

ನಾನು ಹೇಳಿದ್ದು ವೆಬ್‌ಸೈಟಿನ ಬಗ್ಗೆ ಮಾತ್ರ ಎಂದು ಈಗಲೂ ಸುಳ್ಳು ಹೇಳಬಹುದು. ಹಾಗಲ್ಲ. ಕಲ್ಲು ಎಲ್ಲಿ ತಾಗುತ್ತದೆಂದು ಗೊತ್ತಿದ್ದೇ ಎಸೆದೆ. ಭಾರತಮ್ಮನವರು ಕೈಯಲ್ಲಿದ್ದ ಡಬ್ಬಿಯನ್ನು ಕೆಳಗಿಟ್ಟು, ಮೆಟ್ಟಿಲ ಪಕ್ಕದ ಗೋಡೆ ಹಿಡಿದುಕೊಂಡು ಇಳಿದು ಹೋದರು. ವಾರದಲ್ಲಿ ಮಾಲೂರಿನ ಮಗಳು ತ್ರಿವೇಣಿಯ ಮನೆಗೆ ಹೊರಟರು. ತಮಗೆ ಮೊಣಕಾಲು ನೋವು, ಅಲ್ಲಿ ಡಾಕ್ಟರು ಹತ್ತಿರ ಎಂದು ಮುನೇಶನಿಗೆ ಹೇಳಿದರಂತೆ. ನನ್ನ ಮಾತನ್ನು ಅವನಿಗೆ ಅವರು ಹೇಳಲಿಲ್ಲ. ಕದಿರಮ್ಮನವರಿಗೆ ಗೊತ್ತಿತ್ತು, ಅವರೂ ಹೇಳಲಿಲ್ಲ, ಆದರೆ ನಾಲ್ಕು ದಿನ ನನ್ನ ಕೈಯ ಕಾಫಿ ಕುಡಿಯಲಿಲ್ಲ. ನಾನು ಫೋನ್ ಮಾಡಬೇಕಿತ್ತು. ಇವತ್ತು ಮಾಡೋಣ, ನಾಳೆ ಮಾಡೋಣ ಎನ್ನುತ್ತ ಹತ್ತು ತಿಂಗಳು ಕಳೆದವು.

ಈ ಏಪ್ರಿಲಿನಲ್ಲಿ ಆಂಜಿ ಮನೆಗೇ ಬಂದ. "ಅಕ್ಕಾ, ಹೆಸರಿನ ಗಡುವಿಗೆ ಒಂಬತ್ತು ದಿನ ಇದೆ. ಭಾರತಮ್ಮಜ್ಜಿ ಫೋನಿನ ಓಟಿಪಿ ಇಲ್ದೆ ಒಳಕ್ಕೇ ಹೋಗೋಕಾಗಲ್ಲ" ಎಂದ. ಮತ್ತೆ ಧ್ವನಿ ತಗ್ಗಿಸಿ, "ಇನ್ನೊಂದು ವಿಷ್ಯ. ಅಮರನಾಥ್ ಮಾಲೂರಿಗೆ ಹೋಗಿ ಬಂದನಂತೆ" ಎಂದ.

ಅಮರನಾಥ್ ಶ್ರೀನಿವಾಸಪುರದಲ್ಲಿ ಯಂತ್ರದಲ್ಲಿ ತಾಂಡ್ರ ಒಣಗಿಸುವವನು. ಮಾಲು ನನ್ನದಕ್ಕಿಂತ ಹತ್ತು ಪಟ್ಟು, ಗಿರಾಕಿಗಳು ನನಗಿರುವವರ ಅರ್ಧ. ಅವನಿಗೆ ಬೇಕಿದ್ದದ್ದು ನನ್ನ ಹೆಸರು. ಅದು ಯಾರ ಹೆಸರಿನಲ್ಲಿದೆ ಎಂದು ತಿಳಿಯಲು ಅವನೇನೂ ಕಷ್ಟಪಡಬೇಕಿರಲಿಲ್ಲ, ತೌಡು ಕೊಟ್ಟದ್ದನ್ನು ನಾಲ್ಕು ಜನ ನೋಡಿದ್ದರು, ಅಂದರೆ ನಾಲ್ಕು ಊರು ನೋಡಿದಂತೆ. ಭಾರತಮ್ಮನವರು ಅವನಿಗೆ ಬರೆದುಕೊಟ್ಟರೆ ನನ್ನ ಡಬ್ಬಿಗಳು, ಗಿರಾಕಿಗಳು, ಆರು ಹೆಂಗಸರ ಕೆಲಸ, ಎಲ್ಲ ಒಂದೇ ದಿನದಲ್ಲಿ ಅವನ ಪಾಲು. ಕಾನೂನಿನ ಪ್ರಕಾರ ಅವರು ಕೊಡಬಹುದಿತ್ತು. ನಾನು ಆಡಿದ ಮಾತಿಗೆ ಕೊಟ್ಟರೂ ತಪ್ಪಲ್ಲ ಎಂದು ನನಗೇ ಅನ್ನಿಸುತ್ತಿತ್ತು, ಅದೇ ಭಯ.

"ಅಕ್ಕಾ, ನೀವೇ ಹೋಗಿ. ಎರಡು ನಂಬರ್ ಬರುತ್ತೆ" ಎಂದ ಆಂಜಿ. "ಮೊದಲ್ನೇದು ಒಳಗೆ ಹೋಗೋಕೆ. ಎರಡನೇದು ಹೇಳಿದ್ರೆ ಹೆಸರನ್ನ ನಿಮ್ಮ ಹೆಸರಿಗೆ ಮಾಡ್ಬಿಡ್ತೀನಿ. ಎರಡೂ ದುಡ್ಡು ಕಟ್ಟೋಕೆ ಅಂತ ಹೇಳಿ. ಅಜ್ಜಿಗೇನು ಗೊತ್ತಾಗುತ್ತೆ?"

ಮುನೇಶನಿಗೆ ಡಬ್ಬಿಯ ಕಾರ್ಖಾನೆಗೆ ಹೋಗುತ್ತೇನೆಂದು ಹೇಳಿ ಭಾನುವಾರ ಮಾಲೂರಿಗೆ ಹೊರಟೆ. ಕೋಲಾರದಲ್ಲಿ ಬಸ್ಸು ಬದಲಾಯಿಸುವಾಗ ಒಂದು ಡಜನ್ ಬಾಳೆಹಣ್ಣು ಕೊಂಡೆ. ಮೋಸ ಮಾಡಲು ಹೊರಟವಳು ಬರಿಗೈಯಲ್ಲಿ ಹೋಗಬಾರದು ಎಂಬ ಮರ್ಯಾದೆ ಮಾತ್ರ ಉಳಿದಿತ್ತು ನೋಡಿ.

ತ್ರಿವೇಣಿ ಬಾಗಿಲು ತೆಗೆದಳು. ಅವಳಿಗೂ ಏನೂ ಗೊತ್ತಿರಲಿಲ್ಲ. "ಬಾ ಗಂಗಕ್ಕಾ. ನೀನಾದ್ರೂ ಸ್ವಲ್ಪ ಹೇಳು ಅಮ್ಮಂಗೆ. ಊರಿಗೆ ಹೋಗಿ ಬಾ ಅಂದ್ರೆ ಮೊಣಕಾಲು ಅಂತಾರೆ. ಇಲ್ಲಿ ದಿನಾ ನಾಲ್ಕು ಸಲ ಮಹಡಿ ಹತ್ತಿ ಇಳೀತಾರೆ" ಎಂದಳು.

ಭಾರತಮ್ಮನವರು ಒಳಗಿನ ಕೋಣೆಯ ಮಂಚದ ಮೇಲೆ ಕೂತಿದ್ದರು. ಮೈ ಇಳಿದುಹೋಗಿತ್ತು. ನನ್ನನ್ನು ನೋಡಿದ್ದೇ, "ರಾ ತಲ್ಲಿ, ಬಿಸಿಲಲ್ಲಿ ಬಂದಿದೀಯ. ಊಟ ಮಾಡಿದ್ಯಾ?" ಎಂದರು. ಬೈದಿದ್ದರೆ ಸಲೀಸಾಗಿತ್ತು. ಅನ್ನ, ಹುರುಳಿಸಾರು ಬಡಿಸಿದರು. ಮಗಳು ಎಷ್ಟನೇ ಕ್ಲಾಸು, ಕದಿರಮ್ಮನ ಕಣ್ಣಿನ ಆಪರೇಷನ್ ಆಯಿತಾ, ಮುನೇಶ ಹೊತ್ತಿಗೆ ಸರಿಯಾಗಿ ಉಣ್ಣುತ್ತಾನಾ, ಎಲ್ಲ ಕೇಳಿದರು. ವೆಬ್‌ಸೈಟಿನ ಬಗ್ಗೆ ಮಾತ್ರ ಕೇಳಲಿಲ್ಲ.

ಕೈ ತೊಳೆದು ಬಂದು ನಾನೇ ಹೇಳಿದೆ, "ಅತ್ತೆ, ವೆಬ್‌ಸೈಟಿಗೆ ದುಡ್ಡು ಕಟ್ಬೇಕು. ನಿಮ್ಮ ಫೋನಿಗೆ ಎರಡು ನಂಬರ್ ಬರುತ್ತೆ. ಎರಡೂ ಅದಕ್ಕೇನೇ."

ಅವರು ಸೊಂಟದ ಚೀಲದಿಂದ ಫೋನು ತೆಗೆದು, ಕನ್ನಡಕ ಹಾಕಿಕೊಂಡರು. ಇಂಗ್ಲಿಷ್ ಬಾರದು, ಆದರೆ ಇಪ್ಪತ್ತು ವರ್ಷ ರೇಷ್ಮೆಗೂಡಿನ ಮಾರುಕಟ್ಟೆಗೆ ಗೂಡು ಹೊತ್ತವರಿಗೆ ಅಂಕಿ ಚೆನ್ನಾಗಿ ಬರುತ್ತಿತ್ತು. ನಾನು ಆಂಜಿಗೆ ಫೋನ್ ಮಾಡಿ ಕಿವಿಗಿಟ್ಟುಕೊಂಡೆ. ಮೊದಲ ನಂಬರ್ ಬಂತು. ಅವರು ಒಂದೊಂದೇ ಅಂಕಿ ಓದಿದರು, ನಾನು ಆಂಜಿಗೆ ಹೇಳಿದೆ. "ಒಳಗೆ ಹೋದೆ ಅಕ್ಕಾ" ಎಂದ. "ಈಗ ಎರಡನೇದು ಕಳಿಸ್ತೀನಿ. ಹತ್ತು ನಿಮಿಷ ಅಷ್ಟೇ ಇರುತ್ತೆ."

ಎರಡನೆಯದೂ ಬಂತು. ಭಾರತಮ್ಮನವರು ಫೋನನ್ನು ಸ್ವಲ್ಪ ದೂರ ಹಿಡಿದು ಓದಿದರು. "ಏಳು. ಸೊನ್ನೆ. ಮೂರು. ಮೂರು." ಅಷ್ಟಕ್ಕೆ ನಿಲ್ಲಿಸಿದರು.

"ಇನ್ನೆರಡು ಇರ್ಬೇಕು ಅತ್ತೆ."

"ಇದೆ" ಎಂದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ಇನ್ನೆರಡೂ ಹೇಳಿದ್ರೆ ನಾನು ಅದಕ್ಕೆ ಯಾರೂ ಅಲ್ಲ ಅಲ್ವಾ?"

ಅವರೇ ಮುಂದುವರಿಸಿದರು, "ಅಮರನಾಥ್ ಬಂದಿದ್ದ. ಸೀರೆ, ಹಣ್ಣು ತಂದಿದ್ದ. ಮೊದಲ್ನೇ ನಂಬರು ಬೀಗ ತೆಗೆಯೋಕೆ, ಎರಡನೇದು ಮನೆ ಬರ್ಕೊಡೋಕೆ ಅಂತ ಬಿಡಿಸಿ ಬಿಡಿಸಿ ಹೇಳ್ದ. ಮನೆ ಕೂಸನ್ನ ಮಾರ್ಕೋತಾರೇನಯ್ಯಾ ಅಂತ ಸೀರೆ ಸಮೇತ ಕಳಿಸ್ದೆ. ಅವನು ನಿಜ ಹೇಳಿ ಕೇಳ್ದ ಗಂಗಾ. ನೀನು ಸುಳ್ಳು ಹೇಳಿ ಕೇಳ್ತಿದೀಯ. ಅಷ್ಟು ಹೊರಗಿನೋಳಾಗ್ಬಿಟ್ನಾ ನಾನು?"

"ಅಕ್ಕಾ, ಟೈಮ್ ಓಡ್ತಿದೆ" ಎಂದು ಆಂಜಿ ಕಿವಿಯಲ್ಲಿ ಕೂಗುತ್ತಿದ್ದ.

ಭಾರತಮ್ಮನವರು ಮತ್ತೆ ಕನ್ನಡಕ ಹಾಕಿಕೊಂಡರು. "ಬೇಕಾ ಹೇಳು. ಬೇಕು ಅಂದ್ರೆ ಹೇಳ್ಬಿಡ್ತೀನಿ. ನಂಗಿದನ್ನ ಕಟ್ಕೊಂಡು ಏನಾಗ್ಬೇಕು? ಬರ್ಕೋ, ಒಂಬತ್ತು..."

ನಾನು ಅವರ ಕೈಯನ್ನು ಫೋನಿನ ಸಮೇತ ಹಿಡಿದುಕೊಂಡೆ. "ಬೇಡ ಅತ್ತೆ. ಹೇಳ್ಬೇಡಿ." ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅತ್ತೆಯಂಥ ಅತ್ತೆಯ ಮುಂದೆ ಕಳ್ಳಿಯಾಗಿ ಕೂತಿದ್ದೆ, ಅವರ ಅನ್ನ ಇನ್ನೂ ಹೊಟ್ಟೆಯಲ್ಲಿ ಬಿಸಿಯಾಗಿತ್ತು. "ಅವತ್ತು ನಾನು ಆಡಿದ್ದು ತಪ್ಪು. ಬೇಕಂತಲೇ ಆಡಿದ್ದು ಅತ್ತೆ. ನಿಮಗೆ ನೋವಾಗ್ಲಿ ಅಂತಲೇ ಆಡಿದ್ದು. ನನ್ನ ಬಾಯಿಗೆ ಬೆಂಕಿ ಹಾಕ."

"ಬಾಯಿ ಹಂಗಿರ್ಲಿ" ಎಂದರು ಅವರು. "ಕೋಪದಲ್ಲಿ ನಾನೂ ಎಷ್ಟೋ ಅಂದಿದೀನಿ ನಿಂಗೆ. ಹತ್ತು ತಿಂಗಳು ಒಂದು ಫೋನು ಮಾಡ್ಲಿಲ್ವಲ್ಲ. ಇದನ್ನ ಯಾಕೆ ಸೊಂಟದಲ್ಲೇ ಇಟ್ಕೊಂಡಿರ್ತೀನಿ ಅಂದ್ಕೊಂಡೆ?"

ನಾನು ಅವರ ಕೈ ಬಿಡದೆ ಕೂತೆ. ಹತ್ತು ನಿಮಿಷ ಮುಗಿದದ್ದು ಆಂಜಿಯ ನಿಟ್ಟುಸಿರಿನಿಂದಲೇ ಗೊತ್ತಾಯಿತು. "ಆ ನಂಬರ್ ಸತ್ತೋಯ್ತು ಅಕ್ಕಾ. ಇನ್ನೊಂದು ಕಳಿಸ್ಲಾ?"

"ಬೇಡ. ಒಳಗೆ ಇದೀಯಲ್ಲ, ದುಡ್ಡು ಕಟ್ಟಿಬಿಡು. ಅವರ ಹೆಸರಲ್ಲೇ ಇರ್ಲಿ" ಎಂದೆ. ಅವರಿಗೂ ಕೇಳಿಸಲಿ ಎಂದು ಸ್ಪೀಕರ್ ಹಾಕಿ ಫೋನನ್ನು ನಮ್ಮಿಬ್ಬರ ನಡುವೆ ಇಟ್ಟೆ.

ಆಂಜಿ, "ಎಷ್ಟು ವರ್ಷಕ್ಕೆ? ಒಂದರಿಂದ ಶುರು, ಹತ್ತರವರೆಗೂ ಕಟ್ಬೋದು" ಎಂದ.

"ಹತ್ತು."

"ಅಕ್ಕಾ, ಯೋಚ್ನೆ ಮಾಡಿ" ಎಂದ ಆಂಜಿ. ಅಜ್ಜಿಗೂ ಕೇಳಿಸುತ್ತಿದೆ ಎಂದು ಅವನಿಗೆ ಗೊತ್ತಿರಲಿಲ್ಲ. "ಆಯಮ್ಮಂಗೆ ಎಪ್ಪತ್ಮೂರೋ ಎಪ್ಪತ್ನಾಲ್ಕೋ. ಹತ್ತು ವರ್ಷ ಎಲ್ಲಿರ್ತಾರೆ? ನಾಳೆ ಹೆಚ್ಚುಕಡಿಮೆ ಆದ್ರೆ ಆ ಹೆಸರನ್ನ ಬಿಡಿಸ್ಕೊಳ್ಳೋದು ಕಷ್ಟ."

ನಾನು ಗಾಬರಿಯಲ್ಲಿ ಸ್ಪೀಕರ್ ಆರಿಸಲು ತಡಕಾಡಿದೆ, ಬೆರಳಿಗೆ ಅದು ಸಿಗಲೇ ಇಲ್ಲ. ಭಾರತಮ್ಮನವರು ನನ್ನ ಕೈ ಸರಿಸಿ ಫೋನಿನ ಮೇಲೆ ಬಾಗಿದರು.

"ಏನ್ಲಾ ಆಂಜಿ, ಹತ್ತೇ ಹಾಕು. ಇವಳು ಊರಿಗೆ ಕರ್ಕೊಂಡ್ಹೋದ್ರೆ ಇರ್ತೀನಿ."

ನನಗೆ ಅಳು ತಡೆಯಲಾಗಲಿಲ್ಲ. ಮೂರೂವರೆಗೆ ಕೋಲಾರದ ಬಸ್ಸಿತ್ತು. ಅವರ ಬಟ್ಟೆಬರೆ ಎಲ್ಲಿಟ್ಟಿದ್ದೀಯ ಎಂದು ತ್ರಿವೇಣಿಯನ್ನು ಕೇಳುತ್ತ ಮಂಚದಿಂದ ಎದ್ದೆ.